ಬಸವನಗುಡಿಯಲ್ಲೊಂದು ಆರೋಗ್ಯದ ಸುತ್ತು

‘ನೀವೇ ಅಲ್ವಾ ಡಾಕ್ಟ್ರೇ, ದಿನಾ ಓಡಾಡು ಅಂದಿದ್ದು? ಓಡಾಡ್ದೆ. ನೋಡಿ, ಕಾಲು ಹಿಂಗಾಯ್ತು.’

ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತು, ಎಡಗಾಲಿನ ಬಟ್ಟೆ ಬಿಚ್ಚುತ್ತಾ ಆ ಯಜಮಾನರು ಹೀಗೆ ಹೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಎಂಟಾಣೆ ಅಗಲದ ಹುಣ್ಣು. ಸುತ್ತ ಕೆಂಪು, ಒಳಗೆ ಕೀವು. ಒತ್ತಿ ನೋಡಿದೆ. ಅವರು ಮುಖ ಕಿವುಚಲೂ ಇಲ್ಲ. ನನಗೆ ಹೆದರಿಕೆಯಾದದ್ದು ಹುಣ್ಣನ್ನು ಕಂಡಲ್ಲ, ಅವರಿಗೆ ನೋವಾಗದೇ ಇದ್ದುದನ್ನು ಕಂಡು.

ಅವರು ಚಿಂತಾಮಣಿ ತಾಲ್ಲೂಕು ಅಂಬಾಜಿದುರ್ಗ ಹೋಬಳಿಯ ರೈತರು. ವಯಸ್ಸು 68. ರಾಗಿ, ಕಡಲೆಕಾಯಿ, ಒಂದಿಷ್ಟು ಹಿಪ್ಪುನೇರಳೆ. ಸಕ್ಕರೆ ಕಾಯಿಲೆ ಶುರುವಾಗಿ 14 ವರ್ಷ. ಊರಿನಲ್ಲಿದ್ದಷ್ಟು ದಿನ ಬೆಟ್ಟದ ಬುಡದ ಹೊಲಕ್ಕೆ ದಿನಕ್ಕೆರಡು ಸಲ ಹೋಗಿ ಬರುತ್ತಿದ್ದ ಮನುಷ್ಯ. ಎರಡೇ ಮಾತ್ರೆಯಲ್ಲಿ ಸಕ್ಕರೆ ಹತೋಟಿಯಲ್ಲಿತ್ತು. ಮನೆಯಾಕೆ ತೀರಿಕೊಂಡ ಮೇಲೆ ಮಗ ಬೆಂಗಳೂರಿನ ಬಸವನಗುಡಿಗೆ ಕರೆದುಕೊಂಡು ಹೋದರು. ಮೂರನೇ ಮಹಡಿಯ ಮನೆ, ಲಿಫ್ಟು, ಟೀವಿ. ಆರು ತಿಂಗಳಲ್ಲಿ ತೂಕ 7 ಕೆ.ಜಿ. ಏರಿತು, ಸಕ್ಕರೆಯೂ ಏರಿತು. ಊರಿಗೆ ಬಂದಾಗ ನನ್ನಲ್ಲಿಗೆ ಬಂದರು. ನಾನು ಮಾತ್ರೆ ಬದಲಿಸಿ, ಚೀಟಿಯ ಕೊನೆಯಲ್ಲಿ ‘ವಾಕಿಂಗ್, ದಿನಾ 45 ನಿಮಿಷ’ ಎಂದು ಗೀಚಿ ಕಳುಹಿಸಿದೆ.

ಎಲ್ಲಿ, ಯಾವ ಹೊತ್ತಿನಲ್ಲಿ, ಏನು ಮೆಟ್ಟಿಕೊಂಡು ನಡೆಯಬೇಕು ಎಂದು ಹೇಳಲಿಲ್ಲ. ಕಾಲು ಮುಟ್ಟಿ ನೋಡಲಿಲ್ಲ. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಅದೇನೂ ಸಮಜಾಯಿಷಿಯಲ್ಲ.

ಯಜಮಾನರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಬೀದಿಯ ಗುರುತು ಪರಿಚಯವಿಲ್ಲದ್ದರಿಂದ ಮನೆಯ ಹತ್ತಿರದ ಒಂದು ದೇವಸ್ಥಾನಕ್ಕೆ ಹೋಗಿ, ಅಲ್ಲಿನ ಕಲ್ಲು ಹಾಸಿನ ಅಂಗಳದಲ್ಲಿ ಬರಿಗಾಲಿನಲ್ಲಿ ಸುತ್ತು ಹಾಕತೊಡಗಿದರು. ಏಪ್ರಿಲ್ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆ. ಕಲ್ಲು ಕಾದ ಹೆಂಚಾಗಿತ್ತು. ಪಕ್ಕದವರು ಹಾರಿ ಹಾರಿ ಹೆಜ್ಜೆ ಇಡುತ್ತಿದ್ದರೆ ಇವರು ಮಾತ್ರ ನಿಧಾನವಾಗಿ ಇಪ್ಪತ್ತೊಂದು ಸುತ್ತು ಮುಗಿಸಿದರು. ಮೂರು ದಿನವಾದ ಮೇಲೆ ಬೊಬ್ಬೆ ಒಡೆದು ಕಾಲುಚೀಲಕ್ಕೆ ಅಂಟಿದ್ದನ್ನು ಸೊಸೆ ನೋಡಿದರು.

ಕಾಲು ಸುಟ್ಟರೂ ಗೊತ್ತಾಗದೇಕೆ?

ಸಕ್ಕರೆ ಕಾಯಿಲೆ ಹಲವು ವರ್ಷ ಇದ್ದವರಲ್ಲಿ ನರಗಳ ತುದಿಗಳು ನಿಧಾನವಾಗಿ ಕೆಡುತ್ತವೆ. ದೇಹದ ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು. ಹಾಗಾಗಿ ಮೊದಲು ಕೆಡುವುದೂ ಅಲ್ಲಿಯೇ. ಕೆಲವರಿಗೆ ಅಂಗಾಲು ಉರಿ, ಜುಮುಜುಮು. ಕೆಲವರಿಗೆ ಹತ್ತಿಯ ಮೇಲೆ ನಡೆದಂತೆ. ಇನ್ನು ಕೆಲವರಿಗೆ ಏನೂ ಇಲ್ಲ, ಸುಮ್ಮನೆ ಮರಗಟ್ಟುತ್ತದೆ. ಈ ಕೊನೆಯವರೇ ಹೆಚ್ಚು ಅಪಾಯದಲ್ಲಿರುವವರು. ನೋವು ನಮ್ಮ ಮನೆಯ ಕಾವಲುನಾಯಿ. ಅದು ಬೊಗಳುವುದನ್ನು ನಿಲ್ಲಿಸಿದರೆ ಕಳ್ಳ ಒಳಗೆ ಬಂದದ್ದು ತಿಳಿಯುವುದಿಲ್ಲ. ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ, ಬಿಸಿ ತಗಲಿದರೂ ಗೊತ್ತಾಗದು. ಇದರ ಜೊತೆಗೆ ಕಾಲಿನ ರಕ್ತನಾಳ ಕಿರಿದಾಗಿದ್ದರೆ ಗಾಯ ಮಾಯಲು ಬೇಕಾದ ರಕ್ತವೂ ಸಾಲದು. ಬೆರಳು, ಪಾದ ಕಳೆದುಕೊಳ್ಳುವ ಎಷ್ಟೋ ಪ್ರಕರಣಗಳು ಹೀಗೆ ಒಂದು ಸಣ್ಣ ಬೊಬ್ಬೆಯಿಂದಲೇ ಆರಂಭವಾಗಿರುತ್ತವೆ.

ನಮ್ಮ ಯಜಮಾನರ ಅದೃಷ್ಟ, ರಕ್ತಸಂಚಾರ ಚೆನ್ನಾಗಿತ್ತು, ಮೂಳೆಗೆ ಸೋಂಕು ಇಳಿದಿರಲಿಲ್ಲ. ಶಸ್ತ್ರಚಿಕಿತ್ಸಕರಲ್ಲಿ ಗಾಯ ಶುದ್ಧಿ ಮಾಡಿಸಿ, ಕೆಲವು ವಾರ ಇನ್ಸುಲಿನ್ ಕೊಟ್ಟು, ಆ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಂಡೆವು. ಹುಣ್ಣು ಮಾಯಲು ಹತ್ತು ವಾರ ಬೇಕಾಯಿತು. ಬೆರಳು ಉಳಿಯಿತು.

ಆದರೆ ಇನ್ನೊಂದು ಗಾಯ ಮಾಯಲಿಲ್ಲ. ‘ಇನ್ನು ನಮ್ಮಪ್ಪ ಹೊರಗೆ ಹೋಗೋದೇ ಬೇಡ ಸಾರ್’ ಎಂದರು ಮಗ. ಅಪ್ಪ ತಲೆ ತಗ್ಗಿಸಿ ಕುಳಿತಿದ್ದರು. ‘ಅಲ್ಲಿ ನಮ್ಮೋರು ಯಾರಿದ್ದಾರೆ ಬಿಡಿ ಡಾಕ್ಟ್ರೇ, ಯಾರನ್ನ ನೋಡಾಕೆ ಹೋಗ್ಲಿ?’ ಎಂದರು. ಅವರಿಗೆ ನಡಿಗೆ ಬೇಕಿತ್ತು. ನಡೆಯಲು ಒಂದು ಕಾರಣವೂ ಬೇಕಿತ್ತು.

ಮೆಡಿಕಲ್ ಓದುವಾಗ ನಾನು ಬಸವನಗುಡಿಯ ಒಂದು ಬಾಡಿಗೆ ಕೋಣೆಯಲ್ಲಿದ್ದವನು. ಒಂದು ಭಾನುವಾರ ಹೋಗಿ, ಅವರ ಜೊತೆ ಬೀದಿ ಬೀದಿ ಸುತ್ತಿ, ನೋಟುಬುಕ್ಕಿನ ಹಾಳೆಯಲ್ಲಿ ಒಂದು ನಕ್ಷೆ ಬರೆದುಕೊಟ್ಟೆ. ನೋಡುವ ಜಾಗ, ಕೂರುವ ಜಾಗ, ಚಪ್ಪಲಿ ಬಿಡುವ ಜಾಗ, ಶೌಚಾಲಯ ಎಲ್ಲವೂ ಅದರಲ್ಲಿದ್ದವು. ಗೈಡು ಬೇಡ, ಗುಂಪು ಬೇಡ, ಒಬ್ಬರೇ ಹೋಗಿಬರಬಹುದು. ಆ ನಕ್ಷೆಯನ್ನೇ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಹೊರಡುವ ಮುನ್ನ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಅಥವಾ ಬಹಳ ದಿನ ಸುಮ್ಮನೆ ಕುಳಿತಿದ್ದವರು ಮೊದಲು ವೈದ್ಯರನ್ನು ಕಾಣಬೇಕು. ರಕ್ತದೊತ್ತಡ, ಸಕ್ಕರೆ, ಕಾಲಿನ ನಾಡಿ, ಅಂಗಾಲಿನ ಸ್ಪರ್ಶಜ್ಞಾನ ಇಷ್ಟನ್ನು ನೋಡಿಸಿ. ಸ್ಪರ್ಶಜ್ಞಾನ ನೋಡಲು ದೊಡ್ಡ ಯಂತ್ರ ಬೇಕಿಲ್ಲ, ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ‘ತಿಳಿಯಿತೇ?’ ಎಂದು ಕೇಳುವ ಎರಡು ನಿಮಿಷದ ಪರೀಕ್ಷೆ ಅದು. ನಾನು ಅಂದು ಮಾಡದೇ ಬಿಟ್ಟದ್ದು ಅದನ್ನೇ. ನಡೆದಾಗ ಎದೆ ಬಿಗಿತ, ಉಬ್ಬಸ ಬರುವವರು ಇ.ಸಿ.ಜಿ. ಮತ್ತು ಅಗತ್ಯವಿದ್ದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸದೆ ಹೊರಡಬಾರದು.

ಕಾಲಿಗೆ ಹಿಂದೆ ಪಟ್ಟಿಯಿರುವ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ ಅಥವಾ ಸಡಿಲ ಬೂಟು, ತಿಳಿ ಬಣ್ಣದ ಹತ್ತಿಯ ಕಾಲುಚೀಲ. ತಿಳಿ ಬಣ್ಣ ಏಕೆಂದರೆ, ರಕ್ತವೋ ಕೀವೋ ಸೋರಿದರೆ ಕಣ್ಣಿಗೆ ಬೀಳಲಿ ಎಂದು. ಮೆಟ್ಟುವ ಮುನ್ನ ಬೂಟಿನೊಳಗೆ ಕೈಹಾಕಿ ಕಲ್ಲು, ಮೊಳೆ ಇದೆಯೇ ನೋಡಿ. ಜೇಬಿನಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ, ಹೆಸರು, ಕಾಯಿಲೆ, ಮನೆಯವರ ಫೋನ್ ನಂಬರು ಬರೆದ ಚೀಟಿ. ಬೆಳಿಗ್ಗೆ ಆರೂವರೆಯಿಂದ ಎಂಟು ಒಳ್ಳೆಯ ಹೊತ್ತು. ಕಲ್ಲು ತಣ್ಣಗಿರುತ್ತದೆ, ವಾಹನದ ಹೊಗೆಯೂ ಕಡಿಮೆ.

ಮೊದಲ ನಿಲ್ದಾಣ: ನ್ಯಾಷನಲ್ ಕಾಲೇಜು

ನಮ್ಮ ಮೆಟ್ರೋ ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣವಿದೆ. ಬೇರೆ ಬಡಾವಣೆಯವರು ಇಲ್ಲಿಳಿದು ಶುರುಮಾಡಬಹುದು. ಈ ಪರಿಸರದ ನ್ಯಾಷನಲ್ ಹೈಸ್ಕೂಲು 1917ರಷ್ಟು ಹಳೆಯದು. ಆನಿಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಆಸೆಯಿಂದ ಹುಟ್ಟಿದ್ದು. ಕಾಲೇಜು ಬಂದದ್ದು 1945ರಲ್ಲಿ.

ಇಲ್ಲಿ ನಿಂತು ನಾನು ಯಜಮಾನರಿಗೆ ಹೇಳಿದೆ: ‘ನಮ್ಮೋರು ಯಾರಿದ್ದಾರೆ ಅಂದಿರಲ್ಲ, ಇಲ್ಲಿ ಒಬ್ಬರಿದ್ದರು.’ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ 1930ರ ದಶಕದಲ್ಲಿ ಬಸ್ಸಿಗೆ ಕಾಸಿಲ್ಲದೆ ಊರಿನಿಂದ ಕಾಲ್ನಡಿಗೆಯಲ್ಲೇ ಬೆಂಗಳೂರಿಗೆ ಬಂದು ಈ ಹೈಸ್ಕೂಲು ಸೇರಿದ. ಅವರೇ ಡಾ. ಎಚ್. ನರಸಿಂಹಯ್ಯ. ಭೌತಶಾಸ್ತ್ರದ ಮೇಷ್ಟ್ರಾಗಿ, ಇದೇ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, 2005ರಲ್ಲಿ ತೀರಿಕೊಳ್ಳುವವರೆಗೂ ಕಾಲೇಜು ಹಾಸ್ಟೆಲಿನ ಸಣ್ಣ ಕೋಣೆಯಲ್ಲಿ ಖಾದಿ ಉಟ್ಟು ಸರಳವಾಗಿ ಬದುಕಿದವರು.

‘ಹೊಸೂರಿಂದ ನಡ್ಕೊಂಡೇ?’ ಎಂದು ಯಜಮಾನರು ಎರಡು ಸಲ ಕೇಳಿದರು. ಬೆನ್ನು ಸ್ವಲ್ಪ ನೆಟ್ಟಗಾಯಿತು.

ಆರೋಗ್ಯದ ಮಾತು: ಮೊದಲ ಐದು ನಿಮಿಷ ನಿಧಾನ. ನಮ್ಮ ಕಡೆಯ ಹಿರಿಯರಲ್ಲಿ ಅನೇಕರಿಗೆ ಬೆನ್ನು, ಮಂಡಿ ಬಿಗಿದಿರುತ್ತವೆ. ಹಲವು ವರ್ಷ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಕುಡಿದದ್ದೂ ಇದಕ್ಕೆ ಒಂದು ಕಾರಣ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಇಂಥವರು ಕೀಲು ಸಡಿಲವಾಗುವವರೆಗೆ ಬೀಸುಗಾಲು ಹಾಕಬಾರದು.

ಎರಡನೆಯದು: ಅಗಲ ಬೀದಿ, ಹಿತ್ತಿಲ ಗಲ್ಲಿ

ಇಲ್ಲಿಂದ ಪಶ್ಚಿಮಕ್ಕೆ ಒಳಬೀದಿಗಳಲ್ಲಿ ಸಾಗಿ. ಚಿಕ್ಕಪೇಟೆ, ಬಳೇಪೇಟೆಗಳ ಇಕ್ಕಟ್ಟು ನೋಡಿದವರಿಗೆ ಇಲ್ಲಿನ ನೇರವಾದ, ಅಗಲವಾದ, ಮರಗಳಿರುವ ರಸ್ತೆಗಳ ವ್ಯತ್ಯಾಸ ಥಟ್ಟನೆ ಕಾಣುತ್ತದೆ. ಇದು ಅಂದಕ್ಕೆ ಮಾತ್ರ ಮಾಡಿದ್ದಲ್ಲ. ಇದರ ಹಿಂದೆ ಒಂದು ರೋಗವಿದೆ.

1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನ ಜೊತೆ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಗಾಳಿ ಬೆಳಕಿಲ್ಲದ ಒತ್ತೊತ್ತು ಮನೆಗಳು, ದವಸದ ಅಂಗಡಿಗಳು ಇಲಿಗಳಿಗೆ ಸ್ವರ್ಗ. ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿದರು, ಸಾವಿರಾರು ಮಂದಿ ಸತ್ತರು. ಸರ್ಕಾರ ಮೊದಲೇ ಯೋಚಿಸಿದ್ದ ಹೊಸ ಬಡಾವಣೆಗಳ ಕೆಲಸ ಆಗ ಚುರುಕಾಯಿತು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ. ಮನೆಗೂ ಮನೆಗೂ ನಡುವೆ ಜಾಗ, ಬಿಸಿಲು ಬೀಳುವ ಅಂಗಳ, ಅಗಲ ರಸ್ತೆ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮಾಂ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲಿ. ಆಗ ಔಷಧಿ ಇರಲಿಲ್ಲ. ಇಂದು ಬೇಗ ಗುರುತಿಸಿದರೆ ಆಂಟಿಬಯಾಟಿಕ್‌ಗಳಿಂದ ಪ್ಲೇಗು ವಾಸಿಯಾಗುತ್ತದೆ. ಆದರೂ 1994ರಲ್ಲಿ ಸೂರತ್ತಿನಲ್ಲಿ ಅದು ಎಬ್ಬಿಸಿದ ಗಾಬರಿ ಹಿರಿಯ ಓದುಗರಿಗೆ ನೆನಪಿರಬಹುದು.

ಹಳೆಯ ಮನೆಗಳ ಸಾಲಿನ ಹಿಂದೆ ಅಲ್ಲಲ್ಲಿ ಕಿರಿದಾದ ಗಲ್ಲಿಗಳು ಉಳಿದಿವೆ. ‘ಕನ್ಸರ್‌ವೆನ್ಸಿ ಗಲ್ಲಿ’ ಎನ್ನುತ್ತಾರೆ. ಒಳಚರಂಡಿ ಬರುವ ಮೊದಲು ಮನೆಗಳ ಮಲವನ್ನು ಹಿಂಬದಿಯಿಂದ ಹೊತ್ತೊಯ್ಯಲು ಮಾಡಿದ ದಾರಿ ಇದು. ಮುಂದಿನ ಬೀದಿಯಲ್ಲಿ ಓಡಾಡುವವರ ಕಣ್ಣಿಗೆ ಬೀಳದಂತೆ ಕೆಲವರು ಇಲ್ಲಿ ದಿನವೂ ತಲೆಯ ಮೇಲೆ ಹೊತ್ತರು. ಈ ಬಡಾವಣೆ ಆರೋಗ್ಯವಾಗಿದ್ದುದಕ್ಕೆ ಅವರ ಆರೋಗ್ಯವೇ ಬೆಲೆಯಾಯಿತು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ. ನಡಿಗೆಗೆ ಹೊರಟವರು ಒಂದು ನಿಮಿಷ ಇಲ್ಲಿ ನಿಂತು ಹೋಗುವುದು ಒಳ್ಳೆಯದು.

ಆರೋಗ್ಯದ ಮಾತು: ಕಾಲುದಾರಿಯ ಚಪ್ಪಡಿಗಳು ಏರುಪೇರಾಗಿರುತ್ತವೆ. ತಲೆಯೆತ್ತಿ ಮನೆ ನೋಡಬೇಕೆನಿಸಿದರೆ ನಿಂತು ನೋಡಿ, ನಡೆಯುತ್ತಾ ನೋಡಬೇಡಿ. ವಯಸ್ಸಾದವರ ತೊಡೆಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ಬೀದಿನಾಯಿ ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚದೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಲಸಿಕೆ ಹಾಕಿಸಿ.

ಮೂರನೆಯದು: ಬುಲ್ ಟೆಂಪಲ್ ರಸ್ತೆ

ರಾಮಕೃಷ್ಣ ಆಶ್ರಮದ ಬಳಿ ಬುಲ್ ಟೆಂಪಲ್ ರಸ್ತೆ ಸಿಗುತ್ತದೆ. ಶತಮಾನದ ಹಿಂದೆ, 1911ರಲ್ಲಿ, ಶಾರದಾದೇವಿಯವರು ಬಂದಿದ್ದಾಗ ಕುಳಿತ ಬಂಡೆ ಆಶ್ರಮದಲ್ಲಿದೆ. ಮರದ ನೆರಳಿದೆ, ಸದ್ದಿಲ್ಲ. ಮೊದಲ ಸಲ ಬರುವವರು ಇಲ್ಲಿ ಹತ್ತು ನಿಮಿಷ ಕೂರಿ. ಮೊದಲ ವಾರ ಇಲ್ಲಿಂದಲೇ ಹಿಂತಿರುಗಿದರೂ ತಪ್ಪಿಲ್ಲ.

ದಕ್ಷಿಣಕ್ಕೆ ನಡೆದರೆ ದೊಡ್ಡ ಗಣಪತಿ, ಅದರ ಮೇಲೆ ದೊಡ್ಡ ಬಸವಣ್ಣ, ಪಕ್ಕದಲ್ಲಿ ಕಹಳೆ ಬಂಡೆ. ಕೆಂಪೇಗೌಡರು ಕಟ್ಟಿಸಿದ್ದೆಂದು ಹೇಳುವ ಈ ಬಸವನ ಗುಡಿಯಿಂದಲೇ ಬಡಾವಣೆಗೆ ಹೆಸರು. ಒಂದೇ ಕಲ್ಲಿನ ಬಸವ, ಸುಮಾರು ಹದಿನೈದು ಅಡಿ ಎತ್ತರ, ಇಪ್ಪತ್ತು ಅಡಿ ಉದ್ದ. ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಹೊಲವನ್ನು ಮೇಯುತ್ತಿದ್ದ ಬಸವನನ್ನು ಸಮಾಧಾನಪಡಿಸಲು ಮೊದಲ ಬೆಳೆಯನ್ನು ಒಪ್ಪಿಸಿದರೆಂಬ ಐತಿಹ್ಯವಿದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆ ಅದರದೇ ನೆನಪು. ‘ನಮ್ಮ ಕಡೆಯಿಂದ್ಲೂ ಮೂಟೆ ತರ್ತಾರೆ, ನಮ್ಮಪ್ಪ ಒಂದು ಸಲ ತಂದಿದ್ದ’ ಎಂದರು ಯಜಮಾನರು. ಅಂದು ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಆರೋಗ್ಯದ ಮಾತು: ಇಲ್ಲಿ ಮೂರು ಎಚ್ಚರ.

ಒಂದು, ಬರಿಗಾಲು. ಸಕ್ಕರೆ ಕಾಯಿಲೆಯವರು ಗುಡಿಗೆ ಹೋಗಬಾರದೆಂದು ನಾನು ಹೇಳುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ಹೋಗಿ, ಅವಕಾಶವಿದ್ದರೆ ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡೇ ಹೋಗಿ. ಕಲ್ಲಿನ ಬಿಸಿಯನ್ನು ಪಾದದಿಂದ ಪರೀಕ್ಷಿಸಬೇಡಿ, ಬಗ್ಗಿ ಅಂಗೈಯಿಂದ ಮುಟ್ಟಿ ನೋಡಿ. ಅಂಗೈಗೆ ಹಿತವೆನಿಸದ ಕಲ್ಲು ಪಾದಕ್ಕೂ ಬೇಡ. ಉರುಳುಸೇವೆ, ಹೆಜ್ಜೆ ನಮಸ್ಕಾರಗಳ ಹರಕೆಗಳನ್ನು ಮನೆಯ ಚಿಕ್ಕವರಿಗೆ ವಹಿಸಿ. ದೇವರು ಬೇಸರಿಸಿಕೊಳ್ಳುವುದಿಲ್ಲ.

ಎರಡು, ಏರು. ಚಪ್ಪಟೆ ರಸ್ತೆಯಲ್ಲಿ ಬಾರದ ಎದೆನೋವು ಏರಿನಲ್ಲಿ ಬರುತ್ತದೆ. ಎದೆಯ ನಡುವೆ ಬಿಗಿತ, ಭಾರ. ದವಡೆಗೋ ಎಡತೋಳಿಗೋ ಹರಿಯುವ ನೋವು. ನಿಂತರೆ ಕಡಿಮೆ, ನಡೆದರೆ ಮತ್ತೆ ಶುರು. ಇದನ್ನು ‘ಗ್ಯಾಸು’ ಎಂದು ಸೋಡಾ ಕುಡಿದು ಕಳೆಯಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಉಬ್ಬಸ, ತಣ್ಣನೆ ಬೆವರು, ವಿಪರೀತ ಸುಸ್ತು ಬರಬಹುದು. ಕೂಡಲೇ ಕುಳಿತುಕೊಳ್ಳಿ. ವೈದ್ಯರು ನಾಲಿಗೆ ಕೆಳಗಿಡುವ ಮಾತ್ರೆ ಕೊಟ್ಟಿದ್ದರೆ ಅವರು ಹೇಳಿದಂತೆ, ಕುಳಿತುಕೊಂಡೇ ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಆಟೋದವನನ್ನು ಹುಡುಕುತ್ತಾ ನಡೆಯಬೇಡಿ. ನಡೆದಾಗ ಎದೆಯ ಬದಲು ಮೀನಖಂಡ ಹಿಡಿದು, ನಿಂತರೆ ಬಿಡುವುದಾದರೆ ಅದು ಕಾಲಿನ ರಕ್ತನಾಳದ ತೊಂದರೆ. ಬೀಡಿ ಸಿಗರೇಟು ಸೇದುವವರಲ್ಲಿ ಹೆಚ್ಚು. ಬೀಡಿ ಬಿಡುವುದೇ ಮೊದಲ ಮದ್ದು.

ಮೂರು, ಕಡಲೆಕಾಯಿ. ಹುರಿದದ್ದೋ ಬೇಯಿಸಿದ್ದೋ ಒಂದು ಹಿಡಿ, ಅಂದರೆ ಬೀಜ ಸುಮಾರು 30 ಗ್ರಾಂ, ಸಕ್ಕರೆ ಕಾಯಿಲೆಯವರಿಗೂ ಒಳ್ಳೆಯದೇ. ಹಸಿವು ತಡೆಯುತ್ತದೆ, ಸಕ್ಕರೆಯನ್ನು ಹಠಾತ್ತನೆ ಏರಿಸುವುದಿಲ್ಲ. ಆದರೆ ಆ ಒಂದು ಹಿಡಿಯಲ್ಲೇ ಸುಮಾರು 170 ಕ್ಯಾಲೊರಿ ಇದೆ. ಪರಿಷೆಯ ಗುಂಗಿನಲ್ಲಿ ಒಂದು ಸೇರು ಮುಗಿಸಿದರೆ ವಾರದ ನಡಿಗೆ ನೀರಿನಲ್ಲಿ ಹೋಮ. ಬೂಷ್ಟು ಹಿಡಿದ, ಕಪ್ಪಾದ, ಕಹಿ ಬೀಜ ಉಗಿದುಬಿಡಿ. ಅದರಲ್ಲಿ ಲಿವರಿಗೆ ಹಾನಿಮಾಡುವ ವಿಷ ಇರಬಹುದು. ಕೆಳಗಿನ ಗಣಪನಿಗೆ ಮಾಡುವ ಬೆಣ್ಣೆಯ ಅಲಂಕಾರ ಕಣ್ತುಂಬ ನೋಡಿ. ಬೆಣ್ಣೆ ಗಣಪನಿಗೇ ಇರಲಿ.

ಕಹಳೆ ಬಂಡೆಯ ಉದ್ಯಾನದಲ್ಲಿ ಡಿ.ವಿ.ಜಿ. ಅವರ ಪ್ರತಿಮೆ ಇದೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿ, ಮೆಟ್ರಿಕ್ ದಾಟದೆ, ಬೆಂಗಳೂರಿಗೆ ಬಂದು ಪತ್ರಕರ್ತರಾಗಿ, ಕವಿಯಾಗಿ ಬೆಳೆದವರು. 1945ರಲ್ಲಿ ಅವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ, ನರಸಿಂಹರಾಜ ಕಾಲೋನಿಯಲ್ಲಿದೆ. ಕಾಲಿಗೆ ಶಕ್ತಿಯಿದ್ದವರು ಅಲ್ಲಿಯವರೆಗೂ ಹೋಗಿಬರಬಹುದು. ಇತ್ತ ಪಕ್ಕದ ಗವಿಪುರದಲ್ಲಿ ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇದ್ದರು. ಇಳಿವಯಸ್ಸಿನಲ್ಲೂ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗುತ್ತಿದ್ದುದನ್ನು ನೋಡಿದ ಹಿರಿಯರು ಈಗಲೂ ಇದ್ದಾರೆ. ಮಾಸ್ತಿಯವರು ಬದುಕಿದ್ದು 95 ವರ್ಷ. ನಡೆದದ್ದರಿಂದಲೇ ಅಷ್ಟು ಬದುಕಿದರೆಂದು ವೈದ್ಯನಾಗಿ ನಾನು ಹೇಳಲಾರೆ. ನಡೆಯಲು ಅವರಿಗೆ ದಿನವೂ ಒಂದು ಕಾರಣವಿತ್ತು, ಕಾಯುವ ಗೆಳೆಯರಿದ್ದರು ಎಂಬುದಂತೂ ನಿಜ.

ಮೂವರೂ ಹಳೆಯ ಕೋಲಾರ ಜಿಲ್ಲೆಯವರು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ ಮಾತ್ರ. ‘ಹಂಗಾದ್ರೆ ಇದು ನಮ್ಮೋರ್ದೇ ಏರಿಯಾ’ ಎಂದು ಯಜಮಾನರು ನಕ್ಕರು.

ನಾಲ್ಕನೆಯದು: ಗಾಂಧಿ ಬಜಾರ್

ಇಲ್ಲಿಂದ ಗಾಂಧಿ ಬಜಾರಿಗೆ. ಹೂವು, ಹಣ್ಣು, ಬಾಳೆಲೆ, ಗ್ರಂಥಿಗೆ ಅಂಗಡಿಗಳು. ಈಚಿನ ವರ್ಷಗಳಲ್ಲಿ ಮುಖ್ಯರಸ್ತೆಯ ಕಾಲುದಾರಿಗಳನ್ನು ಅಗಲ ಮಾಡಿರುವುದರಿಂದ ಹಿರಿಯರಿಗೆ ನಡೆಯಲು ಸಲೀಸು. ವಿದ್ಯಾರ್ಥಿ ಭವನ 1943ರಿಂದ ಇಲ್ಲಿದೆ. ಅದರ ಮುಂದೆ ನಿಲ್ಲದೆ ಹೋಗಿ ಎಂದರೆ ಯಾರೂ ನನ್ನ ಮಾತು ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ತಿಂಗಳಿಗೊಮ್ಮೆ, ಇಬ್ಬರು ಸೇರಿ ಒಂದು ಮಸಾಲೆ ದೋಸೆ, ಸಕ್ಕರೆ ಹಾಕದ ಕಾಫಿ. ಆಮೇಲೆ ಮನೆಗೆ ಆಟೋ ಬೇಡ. ಊಟ ತಿಂಡಿಯ ನಂತರ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದರೆ ಏರುವ ಸಕ್ಕರೆ ಒಂದಿಷ್ಟು ತಗ್ಗುತ್ತದೆ. ಕೆಲಸ ಮಾಡುವ ಮಾಂಸಖಂಡ ರಕ್ತದಲ್ಲಿನ ಸಕ್ಕರೆಯನ್ನು ತಾನೇ ಹೀರಿಕೊಳ್ಳುತ್ತದೆ.

ಆರೋಗ್ಯದ ಮಾತು: ಮಾತ್ರೆ ನುಂಗಿ ತಿಂಡಿ ತಿನ್ನದೆ ಹೊರಟವರಿಗೆ ಇಷ್ಟು ಹೊತ್ತಿಗೆ ಸಕ್ಕರೆ ಇಳಿಯಬಹುದು. ಕೈನಡುಕ, ಬೆವರು, ಎದೆ ಡವಡವ, ಕಣ್ಣು ಮಂಜು, ಕಾರಣವಿಲ್ಲದ ಸಿಟ್ಟು ಇದರ ಗುರುತು. ಕೂತು, ಜೇಬಿನ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಂದು ಸಲ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಕೊನೆಯದು: ಕೃಷ್ಣರಾವ್ ಪಾರ್ಕು

ಗಾಂಧಿ ಬಜಾರಿನಿಂದ ಪೂರ್ವಕ್ಕೆ ಎಂ.ಎನ್. ಕೃಷ್ಣರಾವ್ ಪಾರ್ಕು. ಬೆಂಚುಗಳಿವೆ, ನೆರಳಿದೆ, ಮಾತನಾಡಲು ಜನರಿದ್ದಾರೆ. ಬೂಟು ಬಿಚ್ಚಿ ಪಾದ ನೋಡಿಕೊಳ್ಳಲು ಇದೇ ಜಾಗ. ಕೆಂಪು, ಬೊಬ್ಬೆ, ತರಚು ಇದೆಯೇ? ಬೆರಳ ಸಂದು ಒದ್ದೆಯೇ? ಬಗ್ಗಲಾಗದವರು ಸಣ್ಣ ಕನ್ನಡಿ ಇಟ್ಟುಕೊಳ್ಳಿ. ಹಲ್ಲುಜ್ಜುವಂತೆ ಇದೂ ದಿನದ ಕೆಲಸವಾಗಬೇಕು. ಅಲ್ಲಿಂದ ನ್ಯಾಷನಲ್ ಕಾಲೇಜಿಗೆ ಮರಳಿದರೆ ಸುತ್ತು ಪೂರ್ತಿ. ಅಂದಾಜು ನಾಲ್ಕು ಕಿಲೋಮೀಟರು. ನಿಂತು, ಕೂತು ನೋಡಿದರೆ ಎರಡು ಗಂಟೆ.

ಒಂದೇ ದಿನ ಇಷ್ಟನ್ನೂ ನಡೆಯಬೇಕಿಲ್ಲ. ವಾರಕ್ಕೆ 150 ನಿಮಿಷ ಮಧ್ಯಮ ವೇಗದ ನಡಿಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನವಾಯಿತು. ಮಧ್ಯಮ ವೇಗ ಎಂದರೆ ಜೊತೆಯವರೊಡನೆ ಮಾತನಾಡಬಲ್ಲಿರಿ, ಆದರೆ ಹಾಡಲಾರಿರಿ. ನಿಂತು ನಿಂತು ನೋಡುವ ಹೊತ್ತನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಗಾಯ ಮಾಯ್ದವರು ಮೊದಲ ವಾರ ಹತ್ತು ನಿಮಿಷದಿಂದ ಆರಂಭಿಸಿ, ವಾರಕ್ಕೆ ಐದೈದು ನಿಮಿಷ ಏರಿಸಿದರೆ ಸಾಕು. ಹಸಿ ಹುಣ್ಣು ಇರುವಾಗ ಮಾತ್ರ ನಡಿಗೆಯೇ ಬೇಡ.

ನಿಮ್ಮ ಊರಿಗೂ ಒಂದು ನಕ್ಷೆ

ಬಸವನಗುಡಿಯೇ ಆಗಬೇಕೆಂದಿಲ್ಲ. ನಮ್ಮ ಅಂಬಾಜಿದುರ್ಗವನ್ನೇ ನೋಡಿ. ನಾಲ್ಕು ಸಾವಿರ ಅಡಿಗೂ ಎತ್ತರದ ಬೆಟ್ಟ, ಮೇಲೆ ಕೋಟೆಯ ಗೋಡೆ. ಟಿಪ್ಪುವಿನ ಕೈಯಿಂದ ಇಂಗ್ಲಿಷರು ಇದನ್ನು ಕಿತ್ತುಕೊಂಡದ್ದು ಮೂರನೇ ಮೈಸೂರು ಯುದ್ಧದಲ್ಲಿ. ಹತ್ತಿರದಲ್ಲೇ ಬಂಡೆ ಕೊರೆದು ಮಾಡಿದ ಕೈಲಾಸಗಿರಿ, ಅತ್ತ ತಾತಯ್ಯನವರ ಕೈವಾರ. ಬೆಟ್ಟ ಹತ್ತುವುದು ಯುವಕರಿಗಿರಲಿ. ಹಿರಿಯರಿಗೆ ಬುಡದ ಊರು, ಕೆರೆಯ ಏರಿ, ಹಳೆಯ ಗುಡಿ ಸಾಲದೇ?

ಮನೆಯವರೆಲ್ಲ ಒಂದು ಭಾನುವಾರ ಕೂತು ಒಂದು ಹಾಳೆ ತೆಗೆದುಕೊಳ್ಳಿ. ಹದಿನೈದು ನಿಮಿಷದೊಳಗೆ ತಲುಪುವ ನಾಲ್ಕೈದು ಹಳೆಯ ಜಾಗ ಗುರುತಿಸಿ. ನಡುನಡುವೆ ಕೂರುವ ಜಗಲಿ, ಕುಡಿಯುವ ನೀರು, ಶೌಚಾಲಯ ಬರೆಯಿರಿ. ಪ್ರಾಸ್ಟೇಟ್ ತೊಂದರೆ ಇರುವವರು, ನೀರಿನ ಮಾತ್ರೆ ನುಂಗುವವರು ಹೊರಗೆ ಹೋಗಲು ಹಿಂಜರಿಯುವುದು ಎಷ್ಟೋ ಸಲ ಇದೊಂದೇ ಕಾರಣಕ್ಕೆ, ಬಾಯಿಬಿಟ್ಟು ಹೇಳುವುದಿಲ್ಲ. ಪ್ರತಿ ಜಾಗಕ್ಕೂ ಒಂದು ಸಾಲಿನ ಕಥೆ ಬರೆಯಿರಿ. ಕಥೆ ಗೊತ್ತಿಲ್ಲದಿದ್ದರೆ ತಾತ, ಅಜ್ಜಿಯನ್ನೇ ಕೇಳಿ. ಮೊದಲ ಸಲ ಮೊಮ್ಮಗು ಜೊತೆಗಿರಲಿ.

ನಮ್ಮ ಯಜಮಾನರು ಈಗ ವಾರಕ್ಕೆ ಐದು ದಿನ ನಡೆಯುತ್ತಾರೆ. ತೂಕ 4 ಕೆ.ಜಿ. ಇಳಿದಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ 9.4ರಿಂದ 7.3ಕ್ಕೆ ಬಂದಿದೆ. ಮಾತ್ರೆ ನಿಂತಿಲ್ಲ, ನಿಲ್ಲಿಸುವ ಭರವಸೆಯನ್ನೂ ನಾನು ಕೊಟ್ಟಿಲ್ಲ. ಕಾಲಿನ ಸ್ಪರ್ಶಜ್ಞಾನ ಮರಳುವುದು ಕಷ್ಟ. ಹಾಗಾಗಿ ದಿನವೂ ಸೊಸೆ ಕನ್ನಡಿ ಹಿಡಿಯುತ್ತಾರೆ, ಅವರು ಪಾದ ತೋರಿಸುತ್ತಾರೆ.

ಹೋದ ತಿಂಗಳು ಊರಿಗೆ ಬಂದಾಗ ಕ್ಲಿನಿಕ್ಕಿಗೆ ಬಂದಿದ್ದರು. ಪಾರ್ಕಿನಲ್ಲಿ ಶ್ರೀನಿವಾಸಪುರದ ಕಡೆಯ ಒಬ್ಬರು ಸಿಕ್ಕಿದ್ದಾರಂತೆ, ಅವರಿಗೂ ಸಕ್ಕರೆ ಕಾಯಿಲೆ. ಅವರನ್ನು ಕರೆದುಕೊಂಡು ಹೋಗಿ ನ್ಯಾಷನಲ್ ಕಾಲೇಜಿನ ಮುಂದೆ ನಿಲ್ಲಿಸಿ, ಹೊಸೂರಿನಿಂದ ನಡೆದು ಬಂದ ಹುಡುಗನ ಕಥೆ ಹೇಳಿದರಂತೆ.

ನಾನು ಚೀಟಿ ಬರೆಯುವ ಮೊದಲೇ ಅವರು ಚಪ್ಪಲಿ ಬಿಚ್ಚಿ ಕಾಲನ್ನು ಸ್ಟೂಲಿನ ಮೇಲಿಟ್ಟರು. ‘ಮೊದ್ಲು ಇದನ್ನ ನೋಡಿ ಡಾಕ್ಟ್ರೇ’ ಎಂದರು.

ಈಗ ನನ್ನ ಕ್ಲಿನಿಕ್ಕಿನಲ್ಲಿ ಸಕ್ಕರೆ ಕಾಯಿಲೆಯವರೆಲ್ಲರ ಕಾಲು ನೋಡಿದ ಮೇಲೆಯೇ ‘ವಾಕಿಂಗ್’ ಎಂಬ ಪದ ಚೀಟಿಗೆ ಬರುತ್ತದೆ. ನಿಮ್ಮ ವೈದ್ಯರು ಮರೆತರೆ, ಸಂಕೋಚಪಡದೆ ನೀವೇ ಚಪ್ಪಲಿ ಬಿಚ್ಚಿ.